ಎದುರು ಕುರ್ಚಿಯಿಂದ ಓದಿದ ವಹಿ

ನಾಗಪುರದಲ್ಲಿ ದೇಶಪಾಂಡೆ ಎಂದು ಹೆಸರು ಹೇಳಿದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಯಾವ ಊರು, ಮನೆಯಲ್ಲಿ ಯಾವ ಮಾತು ಎಂಬ ವಿಚಾರಣೆ ಬೇರೆಯವರಿಗೆ. ದೇಶಪಾಂಡೆ ಅಂದರೆ ಮರಾಠಿ, ಅಲ್ಲಿಗೆ ಮುಗಿಯಿತು. ನಾನು ವಿಜಯಪುರದ ಕಡೆಯವನು, ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನು, ಹೆಂಡತಿಯ ಜೊತೆ ಜಗಳವಾಡುವುದು ಈಗಲೂ ಕನ್ನಡದಲ್ಲೇ ಎಂಬುದು ಹಿಂಗಣಾ ರಸ್ತೆಯ ನಮ್ಮ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಯಾರಿಗೂ ಬೇಕಾಗಿರಲಿಲ್ಲ. ನಾನೂ ಹೇಳಿಕೊಂಡು ತಿರುಗಲಿಲ್ಲ. ಹೇಳದೇ ಇದ್ದ ಆ ಒಂದು ಸಣ್ಣ ಮಾತಿನಿಂದ ಒಬ್ಬ ಹೆಂಗಸಿನ ಹೆಸರಿಗೆ ಮಸಿ ಬಳಿದೆ. ಅವರು ಹೋದ ತಿಂಗಳು ತೀರಿಕೊಂಡರು. ಅವರ ಬಗ್ಗೆ ಬರೆಯಲು ನನಗೆ ಅಧಿಕಾರವಿದೆಯೋ ಇಲ್ಲವೋ ಗೊತ್ತಿಲ್ಲ, ಕಾರಣವಂತೂ ಇದೆ.

ಅವರ ಹೆಸರು ಬರೆಯುವುದಿಲ್ಲ. ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಅವರ ಕೆಲಸಕ್ಕೆ ಕನ್ನಡದಲ್ಲಿ ಏನನ್ನಬೇಕೋ ಇನ್ನೂ ತಿಳಿದಿಲ್ಲ. ಕಾರ್ಡಿನ ಮೇಲೆ ಎಕ್ಸಿಕ್ಯುಟಿವ್ ಲೀಡರ್‌ಶಿಪ್ ಕೋಚ್ ಎಂದಿತ್ತು. ಅದನ್ನು ಮನೆಗೆ ತಂದು ತೋರಿಸಿದಾಗ ನನ್ನ ಹೆಂಡತಿ, "ಕೋಚ್ ಅಂದ್ರ ಕ್ರಿಕೆಟ್ಟಿನವರೇನ್ರಿ?" ಎಂದಳು.

"ಅಲ್ಲ. ದೊಡ್ಡ ಸಾಹೇಬ್ರಿಗೆ ಸಾಹೇಬಕಿ ಹೆಂಗ ಮಾಡಬೇಕಂತ ಕಲಸಾಕಿ."

"ಅದನ್ನೂ ಕಲಸಬೇಕೇನು? ಕುರ್ಚಿ ಸಿಕ್ಕರ ತಾನ ಬರತೈತಲ್ಲ?"

ಈ ಮಾತನ್ನು ಮುಂದೆ ಒಂದು ದಿನ ಮೇಡಂಗೆ ಹೇಳಿದಾಗ ಅವರು ನಗಲಿಲ್ಲ. "ನಿಮ್ಮ ಹೆಂಡತಿ ನನ್ನ ಕೆಲಸ ಅರ್ಧ ಮಾಡ್ತಾರೆ" ಎಂದರು. ಅದು ಮುಂದಿನ ಮಾತು.

ಅವರು ಬಂದದ್ದು ಆರು ವರ್ಷದ ಹಿಂದೆ, ಏಪ್ರಿಲ್ ತಿಂಗಳಲ್ಲಿ. ನಮ್ಮದು ವಿದ್ಯುತ್ ಸ್ಥಾವರಗಳಿಗೆ ಪ್ಯಾನೆಲ್ ಮಾಡಿಕೊಡುವ ಕಾರ್ಖಾನೆ. ಪ್ಲಾಂಟ್ ಮುಖ್ಯಸ್ಥರು ವರ್ಷದ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ಇಬ್ಬರು ಕಾದಿದ್ದೆವು, ನಾನು ಮತ್ತು ಬೋರ್ಕರ್. ಬೋರ್ಕರ್ ಉತ್ಪಾದನೆ ನೋಡುವವನು, ನಾನು ವಿನ್ಯಾಸ ಮತ್ತು ಪರೀಕ್ಷೆ. ಒಂದೇ ವರ್ಷ ಸೇರಿದವರು, ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು. ಮಾಲೀಕರು, ಅಂದರೆ ನಾವು ಸಾಹೇಬರು ಎನ್ನುವವರು, ಇಬ್ಬರನ್ನೂ ಕರೆದು ಒಬ್ಬ ಕೋಚ್ ಬರುತ್ತಾರೆ, ಆರು ತಿಂಗಳು ನಿಮ್ಮ ಜೊತೆ ಕೆಲಸ ಮಾಡುತ್ತಾರೆ, ಇದು ಪರೀಕ್ಷೆಯಲ್ಲ ಎಂದರು. ಪರೀಕ್ಷೆಯಲ್ಲ ಎಂದು ಅವರೇ ಎರಡು ಸಲ ಹೇಳಿದ್ದರಿಂದ ಇದು ಪರೀಕ್ಷೆಯೇ ಎಂದು ನನಗೆ ಖಾತ್ರಿಯಾಯಿತು.

ಮೊದಲ ಮೂರು ದಿನ ಮೇಡಂ ನಮ್ಮನ್ನು ಭೇಟಿಯಾಗಲೇ ಇಲ್ಲ. ಅರವತ್ತರ ಆಸುಪಾಸಿನ ಗಿಡ್ಡ ಹೆಂಗಸು, ನೂಲಿನ ಸೀರೆ, ಕಾಲಲ್ಲಿ ಕ್ಯಾನ್ವಾಸ್ ಬೂಟು, ಹೆಗಲಿಗೆ ದೊಡ್ಡ ಚೀಲ. ಅದರೊಳಗೆ ಮಜ್ಜಿಗೆಯ ಫ್ಲಾಸ್ಕು, ಈ ಊರಿನ ಬಿಸಿಲಿಗೆ ಎಲ್ಲರೂ ಇಟ್ಟುಕೊಳ್ಳುವಂತೆ ಒಂದು ಈರುಳ್ಳಿ. ಬೆಳಿಗ್ಗೆ ಎಂಟಕ್ಕೆ ಗೇಟಿನಲ್ಲಿ ಕೆಲಸಗಾರರ ಸಾಲಿನಲ್ಲಿ ನಿಂತು ಒಳಗೆ ಬರುವರು. ಬೆಸುಗೆಯವನ ಪಕ್ಕ ಒಂದು ಗಂಟೆ, ಪೇಂಟ್ ಬೂತಿನ ಹೊರಗೆ ಒಂದು ಗಂಟೆ. ಬೆಸುಗೆಯವನಿಗೆ, ನೀನು ಅಂಗಿಯನ್ನು ಯಾವಾಗಲೂ ಆ ಮೊಳೆಗೇ ಯಾಕೆ ತೂಗುಹಾಕುತ್ತೀ, ಈ ಮೊಳೆ ಹತ್ತಿರವಿದೆಯಲ್ಲ ಎಂದು ಕೇಳಿದರಂತೆ. ಅವನು ಗಾಬರಿಯಾಗಿ ಇದಕ್ಕೂ ಮೆಮೋ ಬರುತ್ತದೆಯೇ ಎಂದು ನನ್ನ ಹತ್ತಿರ ಬಂದಿದ್ದ.

ಮೂರನೆಯ ದಿನ ನನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವರು ಇಡೀ ಬೆಳಿಗ್ಗೆ ಕೂತಿದ್ದರು. ಯಾರದೋ ತಾಯಿ, ನೌಕರಿ ಕೇಳಲು ಬಂದಿರಬೇಕು ಎಂದುಕೊಂಡು ಮುಂದೆ ಹೋದೆ. ಮರುದಿನ ಮೊದಲ ಭೇಟಿಯಲ್ಲಿ ಅವರ ಮೊದಲ ಪ್ರಶ್ನೆ ಹಿಂದಿಯಲ್ಲಿ: "ಕಲ್ ಆಪ್ ಮೇರೇ ಸಾಮನೇ ಸೇ ಚಾರ್ ಬಾರ್ ಗಯೇ. ಮೈಂ ಕೌನ್ ಹೂಂ, ಪೂಛಾ ಕ್ಯೋಂ ನಹೀಂ?"

ಬೈಗುಳ ಎಂದು ಮೈಯೆಲ್ಲ ಬಿಗಿ ಮಾಡಿಕೊಂಡೆ. ನೋಡಿದರೆ ಬೈಗುಳವಲ್ಲ. ನಾಲ್ಕು ಸಲ ಎದುರಿನಿಂದ ಹಾದುಹೋದ ಮನುಷ್ಯ ಒಂದು ಸಲವೂ ಯಾಕೆ ಕೇಳಲಿಲ್ಲ ಎಂದು ತಿಳಿಯುವ ಆಸೆ, ಅಷ್ಟೆ. ತಲೆಯನ್ನು ಎಡಕ್ಕೆ ಸ್ವಲ್ಪ ವಾಲಿಸಿ ಉತ್ತರಕ್ಕೆ ಕಾಯುವರು. ಉತ್ತರ ಬರುವವರೆಗೆ ಅವರು ಮಾತಾಡುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಕೂಲರ್ ಸದ್ದು ಮಾಡುತ್ತಿರುತ್ತದೆ, ಅವರು ಮೇಜಿನ ಕೆಳಗೆ ಬೂಟು ಕಳಚಿ ಕಾಲು ತಣ್ಣಗೆ ಮಾಡಿಕೊಳ್ಳುತ್ತಿರುತ್ತಾರೆ, ನಾವು ಬೆವರುತ್ತಿರುತ್ತೇವೆ.

ಇನ್ನೊಂದು ದಿನ, "ನಿನ್ನೆ ನಿಮಗೆ ಆಗುವುದಿಲ್ಲ ಎಂದು ಹೇಳಿದವರು ಯಾರು?" ಎಂದು ಕೇಳಿದರು. ನಿನ್ನೆ ಯಾರೂ ಇಲ್ಲ. ಈ ವಾರ? ಯಾರೂ ಇಲ್ಲ. ಈ ತಿಂಗಳು? ನೆನಪಿಲ್ಲ. "ಔರ್ ಘರ್ ಮೇಂ?" ಎಂದರು. "ಘರ್ ಮೇಂ ತೋ ರೋಜ್" ಎಂದೆ, ಮನೆಯಲ್ಲಂತೂ ದಿನಾ. ಅವರು ಮೇಜಿಗೆ ಕೈ ಊರಿ ನಕ್ಕುಬಿಟ್ಟರು. ನಕ್ಕು ಮುಗಿದ ಮೇಲೆ, ಹಾಗಾದರೆ ನಿಮಗೆ ನಿಜ ಸಿಗುವುದು ಮನೆಯಲ್ಲಿ ಮಾತ್ರ ಎಂದು ಹೇಳಿ ವಹಿಯಲ್ಲಿ ಏನೋ ಬರೆದುಕೊಂಡರು.

ಈ ವಹಿಯದೇ ಕಥೆ. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿ, ಸೀತಾಬರ್ಡಿಯ ಅಂಗಡಿಯಲ್ಲಿ ಕೊಂಡದ್ದು. ಮೊದಲ ದಿನವೇ ಅವರು ತಮ್ಮ ನಿಯಮ ಹೇಳಿದ್ದರು. ಈ ಕೋಣೆಯ ಮಾತು ಈ ಕೋಣೆ ದಾಟುವುದಿಲ್ಲ. ಸಾಹೇಬರಿಗೆ ಹೋಗುವುದು ಹಾಜರಿ ಮಾತ್ರ, ಎಷ್ಟು ಸಲ ಭೇಟಿಯಾಯಿತು ಎಂಬುದಷ್ಟೆ. ಕೊನೆಯ ದಿನ ನಿಮ್ಮ ಬಗ್ಗೆ ಬರೆದದ್ದನ್ನೆಲ್ಲ ನಿಮಗೇ ಓದಿ ಹೇಳಿ, ಹಾಳೆ ಹರಿದು ನಿಮ್ಮ ಕೈಗೆ ಕೊಡುತ್ತೇನೆ, ನನ್ನ ಹತ್ತಿರ ಒಂದು ಅಕ್ಷರವೂ ಉಳಿಯುವುದಿಲ್ಲ ಎಂದರು. ಹೇಳುತ್ತಲೇ ವಹಿ ತೆರೆದು ನಮ್ಮಿಬ್ಬರ ನಡುವಿನ ಸಣ್ಣ ಮೇಜಿನ ಮೇಲೆ ಬಿಚ್ಚುಮನಸ್ಸಿನಿಂದ ಇಟ್ಟರು. ನೋಡುತ್ತೇನೆ, ದುಂಡಗಿನ ಕನ್ನಡ ಅಕ್ಷರ!

ನನಗೆ ಎದ್ದು ಕುಣಿಯಬೇಕೆನಿಸಿತು. ಮೇಡಂ ಕನ್ನಡದವರು! ಅವರ ಹೆಸರಿನಿಂದ ಏನೂ ತಿಳಿಯುತ್ತಿರಲಿಲ್ಲ. ಗಂಡ ವಾಯುಸೇನೆಯಲ್ಲಿದ್ದವರು, ಊರೂರು ತಿರುಗಿ ಅವರ ಹಿಂದಿ ಯಾವ ಊರಿನದೆಂದು ಹೇಳಲು ಬರುತ್ತಿರಲಿಲ್ಲ. ಮೈಸೂರಿನ ಕಡೆಯವರು, ಕ್ಯಾಂಪಿನ ಶಾಲೆಗಳಲ್ಲಿ ಪಾಠ ಹೇಳುತ್ತ, ಗಂಡನ ವರ್ಗಾವರ್ಗಿಯ ನಡುವೆ ಈ ವಿದ್ಯೆ ಕಲಿತು, ಕೊನೆಗೆ ಬಜಾಜ್ ನಗರದಲ್ಲಿ ಮನೆ ಮಾಡಿ ನಿಂತವರು ಎಂಬುದೆಲ್ಲ ಆಮೇಲೆ ಗೊತ್ತಾಯಿತು. ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದುದೇ ಈ ಕಡೆಯ ಆಫೀಸುಗಳಲ್ಲಿ ಅದನ್ನು ಓದುವವರು ಯಾರೂ ಇಲ್ಲವೆಂಬ ಧೈರ್ಯದಿಂದ. ಬೀಗ ಹಾಕುವ ಪೆಟ್ಟಿಗೆಗಿಂತ ಇದು ಗಟ್ಟಿ ಎಂದು ನಂಬಿದ್ದರು. ಎದುರಿಗೆ ಕೂತವನು ದೇಶಪಾಂಡೆ, ಅಂದಮೇಲೆ ಮರಾಠಿ.

"ಮೇಡಂ, ನಾನೂ ಕನ್ನಡದವ" ಎನ್ನಲು ಬಾಯಿ ತೆರೆದಿದ್ದೆ. ಮುಚ್ಚಿದೆ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ: ಪರೀಕ್ಷೆಯ ಅಂಕಪಟ್ಟಿ ನನ್ನೆದುರು ಬಿಚ್ಚಿ ಬಿದ್ದಿದೆ, ಓದಲು ಬರುವವನು ಇಡೀ ಕಾರ್ಖಾನೆಯಲ್ಲಿ ನಾನೊಬ್ಬನೇ.

ತಲೆಕೆಳಗಾದ ಅಕ್ಷರ ಓದುವುದು ನನಗೆ ಕಷ್ಟವಲ್ಲ. ಚಿಕ್ಕಂದಿನಲ್ಲಿ ನನಗೂ ಅಕ್ಕನಿಗೂ ಒಂದೇ ಪಠ್ಯಪುಸ್ತಕ. ಅಕ್ಕ ನೆಟ್ಟಗೆ ಹಿಡಿದುಕೊಂಡು ಓದುವಳು, ನಾನು ಎದುರಿಗೆ ಕೂತು ತಿರುವುಮುರುವಾಗಿ ಓದುವೆ. ಆ ಬಡತನದ ವಿದ್ಯೆ ಹೀಗೆ ಕೆಲಸಕ್ಕೆ ಬರುತ್ತದೆಂದು ಯಾರು ತಿಳಿದಿದ್ದರು!

ಆದರೆ ಓದಿ ನಿರಾಸೆಯಾಯಿತು. ಅಂಕವಿಲ್ಲ, ಒಳ್ಳೆಯವ ಕೆಟ್ಟವ ಎಂಬ ಮಾತಿಲ್ಲ. "ಮೂರು ಸಲ ಗಡಿಯಾರ ನೋಡಿದರು." "ಕೆಲಸಗಾರರ ಹೆಸರು ಹೇಳುವುದಿಲ್ಲ, ಶಿಫ್ಟಿನ ನಂಬರು ಹೇಳುತ್ತಾರೆ." "ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಯಾವ ಅವಸರ?" ಇಂಥವೇ ಎಲ್ಲ. ಇವುಗಳಿಂದ ಕುರ್ಚಿ ಸಿಗುತ್ತದೋ ತಪ್ಪುತ್ತದೋ ಒಂದೂ ತಿಳಿಯದು. ಅವುಗಳನ್ನೇ ಹಿಡಿದು ನನ್ನನ್ನು ತಿದ್ದಿಕೊಳ್ಳುತ್ತ ಹೋದೆ. ಮುಂದಿನ ವಾರ ಗಡಿಯಾರ ಬಿಚ್ಚಿ ಡ್ರಾಯರಿನಲ್ಲಿಟ್ಟು ಬಂದೆ. ಅವರು ನನ್ನ ಬರಿಯ ಮಣಿಕಟ್ಟು ನೋಡಿ, "ಗಡಿಯಾರ ಇಲ್ಲ. ಯಾಕೆ?" ಎಂದು ಬರೆದರು. ಬೆಸುಗೆಯವರ ಹೆಸರು ಬಾಯಿಪಾಠ ಮಾಡಿ ಮಾತಿನ ನಡುವೆ ಉದುರಿಸಿದೆ. "ಐದು ಹೆಸರು, ಒಂದೇ ಉಸಿರಿನಲ್ಲಿ" ಎಂದು ಬರೆದರು. ಪ್ರಶ್ನೆ ಮುಗಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಉತ್ತರ ಕೊಡತೊಡಗಿದೆ. ಜೂನ್ ಹೊತ್ತಿಗೆ ಅವರು ಬರೆದ ಒಂದು ಸಾಲು ನನಗೆ ಈಗಲೂ ಬಾಯಿಗೆ ಬರುತ್ತದೆ: "ಇಷ್ಟು ಬೇಗ ಬದಲಾಗುವ ಮನುಷ್ಯರನ್ನು ನೋಡಿಲ್ಲ. ನನಗೆ ಏನೋ ಕಾಣಿಸುತ್ತಿಲ್ಲ."

ಅದನ್ನು ಓದಿ ಒಳಗೊಳಗೇ ಹಿಗ್ಗಿದೆ. ಮನೆಗೆ ಬಂದು ಹೆಂಡತಿಗೂ ಹೇಳಿದೆ. ಆಕೆ ಹಿಗ್ಗಲಿಲ್ಲ. "ಪಾಪ, ಆಕಿ ನಿಮ್ಮನ್ನ ತಿಳಕೊಳ್ಳಾಕ ಒದ್ದಾಡಾಕತ್ತಾಳ, ನೀವು ಆಟ ಆಡಾಕತ್ತೀರಿ. ಕನ್ನಡದಾಂವ ಅಂತ ಹೇಳಿಬಿಡ್ರಿ" ಎಂದಳು. ಕುರ್ಚಿ ಸಿಗಲಿ, ಆಮೇಲೆ ಹೇಳುತ್ತೇನೆ ಎಂದೆ.

ಮಂಗಳವಾರ ಹತ್ತಕ್ಕೆ ಬೋರ್ಕರ್, ಹನ್ನೊಂದಕ್ಕೆ ನಾನು. ಜುಲೈನ ಒಂದು ಮಂಗಳವಾರ ಅವನು ಹೊರಬಂದಾಗ ಮುಖ ತೊಳೆದವನಂತೆ ಇದ್ದ, ಕಣ್ಣು ಕೆಂಪಗೆ. ನಾನು ಒಳಗೆ ಹೋದೆ. ಮೇಡಂ ಎಂದಿನಂತೆ ಹೊಸ ಹಾಳೆ ತಿರುವಲಿಲ್ಲ, ಯಾವುದೋ ಯೋಚನೆಯಲ್ಲಿದ್ದರು. ತೆರೆದ ಹಾಳೆಯಲ್ಲಿ ಬೋರ್ಕರನ ಮಾತಿತ್ತು. "ಬರೆಯುವಾಗ ಬಲಗೈ ನಡುಗುತ್ತದೆ. ಎಂಟು ತಿಂಗಳಿಂದ. ಹೆಂಡತಿಗೂ ಹೇಳಿಲ್ಲ. ಡಾಕ್ಟರ ಹತ್ತಿರ ಹೋಗಲು ಭಯ. ನನಗೆ ಮೊದಲು ಹೇಳಿದರು." ಅದರ ಕೆಳಗೆ ಏನೂ ಇಲ್ಲ, ಒಂದು ಗೆರೆ ಮಾತ್ರ. ಮೇಡಂ ಎಚ್ಚೆತ್ತು ಹಾಳೆ ತಿರುವುವಷ್ಟರಲ್ಲಿ ನಾನು ಅದನ್ನು ಎರಡು ಸಲ ಓದಿ ಮುಗಿಸಿದ್ದೆ.

ಹತ್ತು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಆಮೇಲೆ ಖಾಪರಖೇಡಾದ ಸ್ಥಾವರಕ್ಕೆ ಕೊಡಬೇಕಾದ ಪ್ಯಾನೆಲ್ಲಿನ ಮಾತಿಗೆ ಸಾಹೇಬರ ಜೊತೆ ಕಾರಿನಲ್ಲಿ ಹೋಗಿ ಬರುತ್ತಿದ್ದೆವು. ಸಾಹೇಬರು ದೀಪಾವಳಿಗೆ ಮೊದಲು ಹೆಸರು ಘೋಷಿಸಬೇಕು ಎಂದರು. ನಾನು ಕಿಟಕಿಯಾಚೆ ನೋಡುತ್ತ ಹೇಳಿದೆ: "ಸರ್, ಬೋರ್ಕರ್ ಕೀ ತಬಿಯತ್ ಥೋಡೀ ದೇಖನೀ ಪಡೇಗೀ. ಉಸಕಾ ಹಾಥ್ ಕಾಂಪತಾ ಹೈ. ಬೇಚಾರಾ ಕಿಸೀ ಕೋ ಬತಾತಾ ನಹೀಂ." ಅವನ ಕೈ ನಡುಗುತ್ತದೆ, ಪಾಪ ಯಾರಿಗೂ ಹೇಳುವುದಿಲ್ಲ ಎಂದು ಎಷ್ಟು ಕಾಳಜಿಯ ದನಿಯಲ್ಲಿ ಹೇಳಿದೆನೆಂದರೆ ಹೇಳುವಾಗ ನನಗೇ ಅದು ಕಾಳಜಿ ಎನಿಸಿತ್ತು.

ಮುಂದಿನದು ಸರಸರನೆ ಆಯಿತು. ಸಾಹೇಬರು ಬೋರ್ಕರನನ್ನು ಕರೆದು, ನಿನ್ನ ಕೈಗೆ ಏನಾಗಿದೆ, ಡಾಕ್ಟರಿಗೆ ತೋರಿಸು, ಈ ವರ್ಷ ಭಾರದ ಕೆಲಸ ಬೇಡ ಎಂದರು. ಬೋರ್ಕರ್ ಜಗತ್ತಿನಲ್ಲಿ ಒಬ್ಬರಿಗೇ ಹೇಳಿದ್ದ. ಆ ಒಬ್ಬರು ಮೇಡಂ. ಅವನು ನೇರ ಆ ಕೋಣೆಗೆ ಹೋಗಿ ಬಾಗಿಲು ತೆರೆದಿಟ್ಟುಕೊಂಡೇ ಕೂಗಾಡಿದ. ನನ್ನ ಕೋಣೆಗೂ ಕೇಳಿಸಿತು. ಮೇಡಂ ಹೇಳಿದ್ದು ಒಂದೇ ಮಾತು: "ನಾನು ಯಾರಿಗೂ ಹೇಳಿಲ್ಲ." ಅವನು ನಂಬಲಿಲ್ಲ, ಯಾರು ನಂಬುತ್ತಿದ್ದರು? ಸಾಹೇಬರನ್ನು ಕೇಳಿದ್ದರೆ ತಿಳಿಯುತ್ತಿತ್ತು, ಆದರೆ ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ, ಸಾಹೇಬರು ಹೇಳುವ ಗೋಜಿಗೆ ಹೋಗಲಿಲ್ಲ. ಮರುದಿನದಿಂದ ಮೇಡಂ ಬರಲಿಲ್ಲ. ನಾಗಪುರದ ಕಾರ್ಖಾನೆಯವರ ಲೋಕ ಸಣ್ಣದು, ಎಲ್ಲರೂ ಎಲ್ಲರ ಮದುವೆಯಲ್ಲಿ ಸಿಗುತ್ತಾರೆ. ಎರಡು ವಾರದಲ್ಲಿ ಇನ್ನೆರಡು ಕಂಪನಿಗಳು ಅವರನ್ನು ಬೇಡವೆಂದವು. ಗುಟ್ಟು ಕಾಯುವುದೇ ಕಸುಬಾದವರಿಗೆ ಬಾಯಿಬಡಕಿ ಎಂದು ಹೆಸರು ಬಂದರೆ ಇನ್ನೇನು ಉಳಿಯಿತು?

ಕುರ್ಚಿ ನನ್ನ ಹತ್ತಿರ ಬಂದು ನಿಂತಿತ್ತು. ಹೆಂಡತಿಗೆ ಇಡೀ ಸಂಗತಿ ಹೇಳಿದ್ದು ಆಗ. ಆಕೆ ಕೂಗಾಡಲಿಲ್ಲ. ಎರಡು ದಿನ ನನ್ನೊಡನೆ ಮರಾಠಿಯಲ್ಲಿ ಮಾತಾಡಿದಳು. ಚಹಾ ಬೇಕೇ ಎಂಬುದನ್ನೂ ಮರಾಠಿಯಲ್ಲಿ ಕೇಳಿದಳು. ನನಗೆ ನಾಚಿಕೆಯಾದದ್ದು ಅಲ್ಲಿ, ನೆತ್ತಿಯಿಂದ ಅಂಗಾಲಿನವರೆಗೆ.

ಭಾನುವಾರ ಬೆಳಿಗ್ಗೆ ಬಜಾಜ್ ನಗರಕ್ಕೆ ಹೋದೆ. ಬಾಗಿಲು ತೆರೆದದ್ದು ಅವರ ಗಂಡ, ನೆಟ್ಟಗೆ ನಿಲ್ಲುವ ಎತ್ತರದ ಮನುಷ್ಯ. ಮೇಡಂ ಒಳಗೆ ಮೇಜಿನ ಮುಂದೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. "ಆಯಿಯೇ, ದೇಶಪಾಂಡೆಜೀ" ಎಂದರು. ನಾನು ಕೂರಲಿಲ್ಲ.

"ಮೇಡಂ, ನನಗ ಕನ್ನಡ ಓದಾಕ ಬರತೈತ್ರಿ" ಎಂದೆ.

ಅವರ ಕೈ ನಿಂತಿತು. ತಲೆ ಎಡಕ್ಕೆ ವಾಲಿತು. "ಯಾವ ಕಡೆಯವರು?"

"ವಿಜಾಪುರದ ಕಡೆಯಾಂವ ರೀ."

"ತಲೆಕೆಳಗಾಗಿ ಓದ್ತಿದ್ರಾ?"

"ಹೂಂರಿ."

"ಮೊದಲನೇ ದಿನದಿಂದ?"

"ಹೂಂರಿ."

"ಗಡಿಯಾರ!" ಎಂದರು ಥಟ್ಟನೆ. "ಗಡಿಯಾರ ಬಿಚ್ಚಿಟ್ಟು ಬಂದದ್ದು ಅದಕ್ಕಾ?" ಒಂದು ಕ್ಷಣ, ಒಂದೇ ಕ್ಷಣ, ಅವರ ಮುಖದಲ್ಲಿ ಬಿಡಿಸಲಾಗದ ಲೆಕ್ಕ ಬಿಡಿಸಿದವರ ಸಂತೋಷ ಕಂಡಿತು. ಇಂಥ ಹೊತ್ತಿನಲ್ಲೂ ಈ ಹೆಂಗಸಿಗೆ ಅದು ಮೊದಲು ಬೇಕಾಯಿತಲ್ಲ ಎಂದು ನನಗೆ ಈಗಲೂ ಆಶ್ಚರ್ಯ. ಆಮೇಲೆ ಉಳಿದದ್ದು ಹೊಳೆಯಿತು. "ಹಾಗಾದ್ರೆ ಬೋರ್ಕರ್..." ಎಂದು ನಿಲ್ಲಿಸಿದರು.

ಅವರು ಸಿಟ್ಟಾದದ್ದನ್ನು ನೋಡಿದ್ದು ಅದೊಂದೇ ಸಲ. "ಮೂರು ವಾರದಿಂದ ನನ್ನನ್ನ ನಾನೇ ಕೇಳ್ಕೊಳ್ತಿದೀನಿ, ಎಲ್ಲಿ ಬಾಯಿ ಬಿಟ್ಟೆ, ಯಾರ ಹತ್ರ ಬಿಟ್ಟೆ ಅಂತ. ವಯಸ್ಸಾಯ್ತು, ಹೇಳಿದ್ದು ಮರೀತಿದೀನೇನೋ ಅಂತ ಹೆದರಿದೀನಿ. ಕೊನೆಗೆ ಇವರ ಮೇಲೆ ಅನುಮಾನ ಪಟ್ಟೆ ಕಣ್ರೀ, ನಲವತ್ತು ವರ್ಷ ಬಾಳಿದ ಗಂಡನ ಮೇಲೆ!" ಬಾಗಿಲ ಬಳಿ ನಿಂತಿದ್ದ ಗಂಡ ಒಳಗೆ ಹೋದರು. ಮೇಡಂ ಸೊಪ್ಪನ್ನು ಆಚೆ ತಳ್ಳಿ, ಮತ್ತೆ ಹತ್ತಿರ ಎಳೆದುಕೊಂಡರು. ಆಮೇಲೆ, ತಮ್ಮೊಳಗೇ ಎನ್ನುವಂತೆ, "ಒಂದೇ ಪುಸ್ತಕದಲ್ಲಿ ಇಬ್ಬರನ್ನ ಬರೆದದ್ದು ನನ್ನ ತಪ್ಪು. ಯಾರಿಗೂ ಓದೋಕೆ ಬರಲ್ಲ ಅಂತ ಮೈಮರೆತಿದ್ದೆ. ಹೆಸರು ಕೇಳಿದೆ, ಮನೆಮಾತು ಯಾವುದು ಅಂತ ಕೇಳಲೇ ಇಲ್ಲ. ಅಂಗಿ ಯಾವ ಮೊಳೆಗೆ ಹಾಕ್ತೀಯ ಅಂತ ಕೇಳಿದೋಳು ಇದನ್ನ ಕೇಳಲಿಲ್ಲ" ಎಂದರು.

"ನಾ ಈಗ ಏನ ಮಾಡ್ಲಿ, ನೀವ ಹೇಳ್ರಿ" ಎಂದೆ.

"ಅದನ್ನ ಹೇಳೋದು ನನ್ನ ಕೆಲಸ ಅಲ್ಲ." ಚೀಲದಿಂದ ಕೆಂಪು ವಹಿ ತೆಗೆದು, ಹೊಸ ಹಾಳೆ ತಿರುವಿ, ನನ್ನ ಕಡೆ ತಿರುಗಿಸಿಟ್ಟು, ಪೆನ್ನು ಕೊಟ್ಟರು. "ಬರೀರಿ. ಏನಾಯ್ತೋ ಅದು."

ಕನ್ನಡದಲ್ಲಿ ಬರೆಯದೆ ಎಷ್ಟೋ ವರ್ಷವಾಗಿತ್ತು. ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿದೆ. ಮುಕ್ಕಾಲು ಹಾಳೆ ಬರೆಯುವಷ್ಟರಲ್ಲಿ ಅವರ ಮೆಂತ್ಯದ ಸೊಪ್ಪು ಮುಗಿದಿತ್ತು. ವಹಿ ಎಳೆದುಕೊಂಡು ಓದಿದರು. ಕನ್ನಡ ಬರುವುದನ್ನು ಮುಚ್ಚಿಟ್ಟದ್ದು, ಕದ್ದು ಓದಿದ್ದು, ಕಾರಿನಲ್ಲಿ ಸಾಹೇಬರಿಗೆ ಹೇಳಿದ್ದು, ಮೇಡಂ ಮೇಲೆ ಅಪವಾದ ಬಂದಾಗ ಸುಮ್ಮನಿದ್ದದ್ದು, ಎಲ್ಲ ಇತ್ತು.

"ಎಲ್ಲಾ ಬಂತಾ?" ಎಂದರು.

"ಬಂತ್ರಿ."

ತಲೆ ವಾಲಿಸಿ ನನ್ನನ್ನು ನೋಡಿದರು. ಹಾಳೆ ಹರಿದು ನನ್ನ ಕೈಗೆ ಕೊಟ್ಟರು.

ಅಲ್ಲಿಂದ ನೇರ ಬೋರ್ಕರನ ಮನೆಗೆ ಹೋದೆ. ಮನೆ ತಲುಪುವವರೆಗೆ ಹಾಳೆ ಕೊಟ್ಟು ಬಂದುಬಿಡುವುದು ಎಂಬ ಅಂದಾಜಿನಲ್ಲೇ ಇದ್ದೆ. ಅವನು ಹಾಳೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಹೇ ಕಾಯ್ ಲಿಹಿಲಂಯ್?", ಇದೇನು ಬರೆದದ್ದು, ಎಂದಾಗ ನನಗೆ ಬುದ್ಧಿ ಬಂತು. ಇವನಿಗೆ ಒಂದಕ್ಷರವೂ ಬರುವುದಿಲ್ಲ. ನಾನೇ ಓದಿ ಮರಾಠಿಯಲ್ಲಿ ಹೇಳಬೇಕು.

ಆಗ ಮನಸ್ಸಿಗೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಹೇಗೆ ಹೇಳಿದರೂ ಅವನಿಗೆ ತಿಳಿಯುವುದಿಲ್ಲ. ಕದ್ದು ಓದಿದೆ ಎಂಬಲ್ಲಿ ಕಣ್ಣಿಗೆ ಬಿತ್ತು ಎನ್ನಬಹುದು. ಸಾಹೇಬರಿಗೆ ಹೇಳಿದೆ ಎಂಬಲ್ಲಿ ಬಾಯಿತಪ್ಪಿ ಬಂತು ಎನ್ನಬಹುದು. ನಾಗಪುರ ಮತ್ತೊಮ್ಮೆ ನನಗೆ ಅದೇ ಅನುಕೂಲ ಮಾಡಿಕೊಟ್ಟಿತ್ತು.

ಓದಿದೆ. ಬರೆದಂತೆಯೇ ಹೇಳಿದೆ, ಸಾಲು ಸಾಲಾಗಿ. "ಕಾಳಜಿಯಿಂದ ಹೇಳುವವನ ಹಾಗೆ ಹೇಳಿದೆ" ಎಂಬ ಸಾಲಿಗೆ ಬಂದಾಗ ಕಣ್ಣು ಅವನ ಕೈ ಮೇಲೆ ಬಿತ್ತು. ಬಲಗೈಯನ್ನು ಎಡಗೈಯಿಂದ ತೊಡೆಯ ಮೇಲೆ ಒತ್ತಿ ಹಿಡಿದಿದ್ದ. ಇಪ್ಪತ್ತು ವರ್ಷ ನನ್ನ ಡಬ್ಬಿಯಿಂದ ಚಪಾತಿ ಮುರಿದ ಕೈ. ಹಾಳೆಯಲ್ಲಿ ಇಲ್ಲದ ಒಂದು ಮಾತು ಬಾಯಿಂದ ಬಂತು: "ಮಲಾ ತೀ ಖುರ್ಚೀ ಪಾಹಿಜೇ ಹೋತೀ." ಆ ಕುರ್ಚಿ ನನಗೆ ಬೇಕಾಗಿತ್ತು ಎಂದು ನಾನು ಮೇಡಂ ಮುಂದೆ ಬರೆದಿರಲಿಲ್ಲ. ನನ್ನ ಹೆಂಡತಿಯ ಮುಂದೆಯೂ ಅಷ್ಟು ಬರಿದಾಗಿ ಹೇಳಿರಲಿಲ್ಲ.

ಬೋರ್ಕರ್, "ಪರತ್ ವಾಚ್" ಎಂದ. ಮತ್ತೆ ಓದು. ಮತ್ತೆ ಮೊದಲಿನಿಂದ ಓದಿದೆ, ಆ ಮಾತನ್ನೂ ಮತ್ತೆ ಹೇಳಿದೆ. ಅವನು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಆತಾ ಜಾ" ಎಂದ. ಈಗ ಹೋಗು. ಹೋದೆ.

ಸೋಮವಾರ ಸಾಹೇಬರಿಗೂ ಹೇಳಿದೆ. ಅವರು ಬಾಯಿಗೆ ಬಂದಂತೆ ಬೈದರು, ಕೆಲಸದಿಂದ ಮಾತ್ರ ತೆಗೆಯಲಿಲ್ಲ. ದೀಪಾವಳಿಗೆ ಮೊದಲು ಬೋರ್ಕರನ ಹೆಸರು ಹೇಳಿದರು. ಅವನು ಔಷಧ ಶುರು ಮಾಡಿದ. ಸಹಿ ಹಾಕುವಾಗ ಎಡಗೈಯಿಂದ ಬಲಗೈ ಒತ್ತಿ ಹಿಡಿಯುತ್ತಿದ್ದ, ಯಾರಿಂದಲೂ ಮುಚ್ಚಿಡುತ್ತಿರಲಿಲ್ಲ. ಅವನ ಕೈಕೆಳಗೆ ಐದು ವರ್ಷ ದುಡಿದೆ. ಆ ಭಾನುವಾರದ ಮಾತನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಡಬ್ಬಿ ಮಾತ್ರ ಬೇರೆಯಾಯಿತು, ಅದು ಮತ್ತೆ ಒಂದಾಗಲು ಎರಡು ವರ್ಷ ಹಿಡಿಯಿತು.

ಮೇಡಂ ಮತ್ತೆ ಕಾರ್ಖಾನೆಗೆ ಬಂದದ್ದು ಒಂದೇ ದಿನ. ಸಾಹೇಬರು ಕಾರು ಕಳಿಸಿದ್ದರು, ಅವರು ಆಟೋದಲ್ಲಿ ಬಂದರು. ತಮ್ಮ ನಿಯಮದ ಪ್ರಕಾರ ಇಬ್ಬರಿಗೂ ಅವರವರ ಹಾಳೆ ಓದಿ ಹೇಳಿ ಹರಿದುಕೊಟ್ಟರು. ನನ್ನದನ್ನು ಕನ್ನಡದಲ್ಲೇ ಓದಿದರು. ಗಡಿಯಾರದ ಸಾಲು ಬಂದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕೈಬಿಟ್ಟ ಎರಡು ಕಂಪನಿಗಳಲ್ಲಿ ಒಂದು ಅವರನ್ನು ಮತ್ತೆ ಕರೆಯಿತು, ಇನ್ನೊಂದು ಕರೆಯಲಿಲ್ಲ. ಅದಕ್ಕೆ ನಾನೇ ಕಾರಣ. ಆದರೆ ಅವರ ಕೆಲಸದ ರೀತಿಯೇ ಬದಲಾಯಿತು. ಆ ಮೇಲೆ ಅವರು ತಾವು ಬರೆಯುವುದನ್ನೇ ಬಿಟ್ಟರು. ವಹಿಯನ್ನು ಎದುರಿನವರ ಕಡೆ ತಿರುಗಿಸಿ ಪೆನ್ನು ಕೊಡುತ್ತಿದ್ದರಂತೆ. ದೊಡ್ಡ ದೊಡ್ಡ ಸಾಹೇಬರು ಶಾಲೆಯ ಮಕ್ಕಳ ಹಾಗೆ ಪೆನ್ನಿನ ತುದಿ ಕಚ್ಚುತ್ತ ಕೂರುತ್ತಾರೆ, ನೋಡೋಕೆ ಬಹಳ ಚೆನ್ನ ಎಂದು ಒಂದು ಸಲ ಹೇಳಿದರು.

ವರ್ಷಕ್ಕೆ ಎರಡು ಮೂರು ಸಲ ಬಜಾಜ್ ನಗರಕ್ಕೆ ಹೋಗುತ್ತಿದ್ದೆ, ಕೆಲವೊಮ್ಮೆ ಹೆಂಡತಿಯೂ ಬರುತ್ತಿದ್ದಳು. ಮೇಡಂಗೆ ನನಗಿಂತ ಅವಳ ಮಾತು ಹೆಚ್ಚು ಇಷ್ಟ. ಒಮ್ಮೆ ಧೈರ್ಯ ಮಾಡಿ ಕೇಳಿದೆ, ಬೋರ್ಕರ್ ನನ್ನ ಬಗ್ಗೆ ಎಂದಾದರೂ ನಿಮ್ಮ ಹತ್ತಿರ ಮಾತಾಡಿದ್ದಾನೆಯೇ ಎಂದು. "ಮಾತಾಡಿದ್ರೆ ಅದು ಅವರ ಮಾತು" ಎಂದು ಹೇಳಿ, ನಿಮ್ಮ ಅಕ್ಕ ಈಗ ಎಲ್ಲಿದ್ದಾರೆ, ಆ ಪಠ್ಯಪುಸ್ತಕ ಯಾರ ಹತ್ತಿರ ಉಳಿಯಿತು ಎಂದು ಬೇರೆಯದನ್ನೇ ಕೇಳತೊಡಗಿದರು.

ಹೋದ ತಿಂಗಳು ಮೇಡಂ ತೀರಿಕೊಂಡ ಸುದ್ದಿ ಕೇಳಿ ಅವರ ಮನೆಗೆ ಹೋದಾಗ ಬೋರ್ಕರ್ ನನಗಿಂತ ಮೊದಲೇ ಬಂದು ಕೂತಿದ್ದ. ಈಗ ನನ್ನ ಹಾಗೆ ಅವನೂ ನಿವೃತ್ತ. ಮೇಡಂ ಅವರ ಗಂಡ ನಮಗಿಬ್ಬರಿಗೂ ಮಜ್ಜಿಗೆ ತಂದುಕೊಟ್ಟು, ಕುಡಿಯುವವರೆಗೆ ಎದುರಿಗೇ ನಿಂತಿದ್ದರು. ಹೊರಡುವಾಗ ಮೆಟ್ಟಿಲ ಹತ್ತಿರ ಬೋರ್ಕರ್ ನನ್ನನ್ನು ನಿಲ್ಲಿಸಿ ಪಾಕೀಟಿನಿಂದ ಒಂದು ಹಾಳೆ ತೆಗೆದ. ಮಡಿಕೆಗಳಲ್ಲಿ ಸವೆದಿತ್ತು. ನನ್ನ ಕೈಬರಹ.

ಅವನು ಮರಾಠಿಯಲ್ಲಿ ನಿಧಾನವಾಗಿ ಹೇಳಿದ. ಆ ಭಾನುವಾರ ನಾನು ಹೊರಟ ಮೇಲೆ ಅವನಿಗೆ ನನ್ನ ಓದಿನ ಮೇಲೆ ನಂಬಿಕೆ ಬರಲಿಲ್ಲ. ಇವನು ಏನನ್ನೋ ಬಿಟ್ಟಿದ್ದಾನೆ, ಮೆತ್ತಗೆ ಮಾಡಿ ಹೇಳಿದ್ದಾನೆ ಎಂದೇ ಅನಿಸಿತು. ನಾಗಪುರದಲ್ಲಿ ನನ್ನನ್ನು ಬಿಟ್ಟರೆ ಕನ್ನಡ ಓದುವವರು ಅವನಿಗೆ ಗೊತ್ತಿದ್ದದ್ದು ಒಬ್ಬರೇ, ಮೇಡಂ. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ಮೊದಲು ಕ್ಷಮೆ ಕೇಳಿದ, ಆಮೇಲೆ ಹಾಳೆ ಮುಂದಿಟ್ಟು ಇದನ್ನು ಓದಿ ಎಂದ. ಮೇಡಂ ಓದಿದರು. ನಾನು ಹೇಳಿದ್ದೆಲ್ಲ ಇತ್ತು. "ಆ ಕುರ್ಚಿಯ ಮಾತು ಎಲ್ಲಿದೆ?" ಎಂದು ಇವನು ಕೇಳಿದ. "ಯಾವ ಕುರ್ಚಿಯ ಮಾತು?" ಎಂದರು ಮೇಡಂ.

"ತಾಳೆ ನೋಡಲು ಹೋದವನಿಗೆ ನಿನ್ನ ಕಡೆ ಒಂದು ಸಾಲು ಹೆಚ್ಚು ಸಿಕ್ಕಿತು" ಎಂದ ಬೋರ್ಕರ್. ಅವನು ಆ ಕುರ್ಚಿಯ ಮಾತನ್ನು ಹೇಳಿದಾಗ ಮೇಡಂ ತಲೆ ವಾಲಿಸಿ ಕೇಳಿದರಂತೆ. ಆಮೇಲೆ ಪೆನ್ನು ತೆಗೆದುಕೊಂಡು ಹಾಳೆಯ ಕೊನೆಗೆ ಏನೋ ಬರೆದರಂತೆ. ಏನೆಂದು ಕೇಳಿದ್ದಕ್ಕೆ, ಎಂದಾದರೂ ದೇಶಪಾಂಡೆಯವರೇ ಓದಿ ಹೇಳಲಿ ಎಂದರಂತೆ. ಆರು ವರ್ಷ ಇಬ್ಬರೂ ನನಗೆ ಹೇಳಿರಲಿಲ್ಲ.

ಬೋರ್ಕರ್ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ. ಅವನ ಕೈಯೊಂದಿಗೆ ಅದೂ ನಡುಗುತ್ತಿತ್ತು. "ವಾಚ್" ಎಂದ.

ನನ್ನ ಸೊಟ್ಟ ಅಕ್ಷರಗಳ ಕೆಳಗೆ ಆ ದುಂಡಗಿನ ಬರಹ: "ನನಗೆ ಆ ಕುರ್ಚಿ ಬೇಕಾಗಿತ್ತು. ಇದನ್ನು ಇವರು ಬಾಯಲ್ಲಿ ಹೇಳಿದ್ದಾರೆ. ಈಗ ಎಲ್ಲಾ ಬಂತು."

ಈ ಸಲ ಹಾಳೆ ನನಗೆ ನೆಟ್ಟಗೇ ಇತ್ತು. ಆದರೂ ಅವನಿಗೆ ಓದಿ ಹೇಳಲು ಬಹಳ ಹೊತ್ತು ಬೇಕಾಯಿತು.